ಕಾಗದದಲ್ಲಿ ಬಂದ ನೀರು

ದುಹಾ ಹುಟ್ಟಿದ್ದು ಜೌಗುನಾಡಿನ ಎಮ್ಮೆ ಸಾಕುವವರ ಮನೆತನದಲ್ಲಿ. ಆದರೆ ಒಂಬತ್ತು ತುಂಬುವ ತನಕ ಅವಳು ಜೌಗನ್ನೇ ಕಂಡಿರಲಿಲ್ಲ. ಅವಳು ಹುಟ್ಟುವ ಮೊದಲೇ ಆಗಿನ ಸರ್ಕಾರ ಏರಿ ಹಾಕಿ, ಕಾಲುವೆ ತೋಡಿ, ಯೂಫ್ರಟಿಸ್ ಹೊಳೆಯ ನೀರು ಜೌಗಿಗೆ ಇಳಿಯದ ಹಾಗೆ ಮಾಡಿಬಿಟ್ಟಿತ್ತು. ಜೊಂಡು ಒಣಗಿ ನಿಂತಲ್ಲೇ ಉರಿಯಿತು. ಮೀನು ಕೆಸರಲ್ಲಿ ಹೊರಳಾಡಿ ಸತ್ತವು. ಜನ ಎಮ್ಮೆಗಳನ್ನು ಕೇಳಿದಷ್ಟಕ್ಕೆ ಕೊಟ್ಟು ಗಂಟುಮೂಟೆ ಕಟ್ಟಿದರು. ಅವಳ ಅಪ್ಪ ಚಾಸಿಬ್ ಹೆಂಡತಿಯನ್ನೂ, ಗಂಡ ಸತ್ತ ಅಕ್ಕ ವನ್ಸಾಳನ್ನೂ ಕರೆದುಕೊಂಡು ಬಡಗಣ ದಿಕ್ಕಿನ ಒಂದು ಪಟ್ಟಣದ ಹೊರಗೆ ಇಟ್ಟಿಗೆ ಗೂಡುಗಳ ಸಾಲಿಗೆ ಬಂದು ಸೇರಿದ. ದುಹಾ ಕಣ್ಣು ಬಿಟ್ಟದ್ದು ಅಲ್ಲಿಯ ಹೊಗೆಯಲ್ಲಿ. ಅವಳಿಗೆ ಆರು ವರ್ಷವಾದಾಗ ಅಪ್ಪ ಕೆಮ್ಮಿ ಕೆಮ್ಮಿ ತೀರಿಕೊಂಡ. ತಾಯಿಯನ್ನು ಅವಳ ಅಣ್ಣಂದಿರು ಬೇರೆ ಊರಿಗೆ ಮದುವೆ ಮಾಡಿಕೊಟ್ಟರು. ಮಗು ಅಪ್ಪನ ಕಡೆಯವರದ್ದು ಎನ್ನುವುದು ಪದ್ಧತಿ. ದುಹಾ ವನ್ಸಾ ಅತ್ತೆಯ ಮಡಿಲಿಗೆ ಬಿದ್ದಳು.

ಅತ್ತೆಗೆ ಒಬ್ಬನೇ ಮಗ, ದುಹಾಳಿಗಿಂತ ಐದು ವರ್ಷ ದೊಡ್ಡವನು. ಅವನ ಹಿಂದಿನ ಎರಡು ಕೂಸುಗಳು ಕೈಯಲ್ಲೇ ಹೋಗಿದ್ದವು. ಇವನ ಮೇಲಾದರೂ ಯಾರ ಕಣ್ಣೂ ಬೀಳದಿರಲಿ ಎಂದು ಮಿಜ್ಬಿಲ್ ಎಂದು ಹೆಸರಿಟ್ಟಿದ್ದಳು. ಮಿಜ್ಬಿಲ್ ಅಂದರೆ ತಿಪ್ಪೆ. ಹೆಸರಿನ ಫಲವೋ ಏನೋ, ಹುಡುಗ ಗಟ್ಟಿಯಾಗಿ ಬೆಳೆದ.

ಆ ಸರ್ಕಾರ ಬಿದ್ದ ವರ್ಷ ಜನರೇ ಗುದ್ದಲಿ ಹಿಡಿದು ಹೋಗಿ ಏರಿಗಳನ್ನು ಒಡೆದರು. ಹನ್ನೆರಡು ವರ್ಷ ಬಿರುಕು ಬಿಟ್ಟು ಬಿದ್ದಿದ್ದ ನೆಲಕ್ಕೆ ನೀರು ನುಗ್ಗಿತು. ಸುದ್ದಿ ಕೇಳಿದ ವಾರದಲ್ಲೇ ವನ್ಸಾ ಒಂದು ಮುದಿ ಎಮ್ಮೆಯನ್ನು ಲಾರಿಗೆ ಹತ್ತಿಸಿ, ಅದರ ಮಗ್ಗುಲಲ್ಲೇ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಜೌಗಿನ ಅಂಚಿನ ಪೇಟೆ ಚಿಬಾಯಿಶಿಗೆ ಬಂದಿಳಿದಳು. ನೀರು ಕಂಡದ್ದೇ ತಡ, ಆ ಎಮ್ಮೆ ಹಗ್ಗ ಕಿತ್ತುಕೊಂಡು ಇಳಿದು ಮೂಗೊಂದನ್ನು ಮೇಲಿಟ್ಟುಕೊಂಡು ಮುಳುಗಿತು, ಸಂಜೆವರೆಗೆ ಏಳಲಿಲ್ಲ. ಅತ್ತೆ ದಡದಲ್ಲಿ ಕೂತು ಕಣ್ಣೊರೆಸಿಕೊಂಡಳು. ಅಪ್ಪ ಸತ್ತಾಗಲೂ ಅವಳ ಕಣ್ಣಲ್ಲಿ ನೀರು ನೋಡಿರದಿದ್ದ ದುಹಾ ಅವತ್ತು ಹೆದರಿಬಿಟ್ಟಳು.

ಪೇಟೆಯಿಂದ ದೋಣಿಯಲ್ಲಿ ಮುಕ್ಕಾಲು ಗಂಟೆ ದೂರದಲ್ಲಿ ಅವರು ಮನೆ ಮಾಡಿದರು. ಜೊಂಡನ್ನೂ ಕೆಸರನ್ನೂ ಪದರ ಪದರವಾಗಿ ಪೇರಿಸಿ ದಿಬ್ಬ ಮಾಡುವುದು, ಅದರ ಮೇಲೆ ಜೊಂಡಿನ ಕಮಾನು ಕಟ್ಟಿ ಚಾಪೆ ಹೊದಿಸುವುದು. ಕರು ಬೆಳೆದು, ಕೊಂಡವೂ ಸೇರಿ, ಒಂದು ಎಮ್ಮೆ ಹತ್ತು ವರ್ಷದಲ್ಲಿ ಹದಿನಾರಾಯಿತು. ಅತ್ತೆ ಬೆಳಕು ಹರಿಯುವ ಮೊದಲೇ ಹಾಲು ಕರೆದು, ಹಿಂದಿನ ದಿನದ ಹಾಲಿನ ಮೇಲೆ ಕಟ್ಟಿದ ದಪ್ಪ ಕೆನೆಯನ್ನು ತಟ್ಟೆಗಳಲ್ಲಿ ಜೋಡಿಸಿಕೊಂಡು ಪೇಟೆಗೆ ಹೊರಡುತ್ತಿದ್ದಳು. ಅದೇ ದೋಣಿಯಲ್ಲಿ ದುಹಾ ಶಾಲೆಗೆ. ಕೆನೆ ಮಾರಿ ಮುಗಿಯುವ ಹೊತ್ತಿಗೆ ಶಾಲೆಯ ಗಂಟೆ ಹೊಡೆಯುತ್ತಿತ್ತು. ಅತ್ತೆ ಅವಳ ತಲೆವಸ್ತ್ರ ಸರಿಮಾಡಿ, ಮುಖದ ಮೇಲಿನ ಕೆನೆ ಒರೆಸಿ ಕಳಿಸುತ್ತಿದ್ದಳು.

ಅತ್ತೆಗೆ ಓದು ಬರೆಹ ಬಾರದು, ಆದರೆ ನೀರು ಗೊತ್ತಿತ್ತು. ಕಾಲುವೆಯಲ್ಲಿ ಬೊಗಸೆ ಅದ್ದಿ, ನಾಲಗೆಯ ಮೇಲೆ ಇಟ್ಟು ಉಗಿದು, ಮಗನಿಗೆ ಹೇಳುವಳು: “ಇವತ್ತು ಎಮ್ಮೆಗಳನ್ನ ಪಡುವಣಕ್ಕೆ ಹೊಡಿಬೇಡ. ಕೆಳಗಿನ ನೀರು ಮೇಲಕ್ಕೆ ಬಂದಿದೆ.” ಕೆಳಗಿನ ನೀರು ಎಂದರೆ ಉಪ್ಪುನೀರು. ಮೇಲಿಂದ ಹೊಳೆ ಸಣ್ಣಗಾದ ಹಾಗೆಲ್ಲ ಅದು ತಗ್ಗಿನ ಕಡೆಯಿಂದ ತೆವಳಿಕೊಂಡು ಬರುತ್ತಿತ್ತು. ಅದು ಎಲ್ಲಿಂದ ಬರುತ್ತದೆ, ಯಾಕೆ ಬರುತ್ತದೆ ಎಂದು ದುಹಾ ಕೇಳಿದರೆ ಅತ್ತೆ ಹೊಳೆ ಹುಟ್ಟುವ ದಿಕ್ಕಿಗೆ ಕೈ ತೋರಿಸಿ, “ದೇವರು ಕಳಿಸ್ತಾನೆ, ಇಲ್ಲಾ ತುರ್ಕಿಯೋರು ಕಳಿಸ್ತಾರೆ” ಎಂದು ನಗುತ್ತಿದ್ದಳು.

ಆ ಪ್ರಶ್ನೆಯೇ ಹುಡುಗಿಯನ್ನು ಬಸ್ರಾದ ಕಾಲೇಜಿನವರೆಗೆ ಒಯ್ದಿತು. ಪದವಿ ಮುಗಿದಾಗ ನೆಂಟರೆಲ್ಲ ಸಾಕು ಎಂದರು. ಅವಳು ಇನ್ನೂ ಓದಬೇಕು, ಎಂಎಸ್ಸಿ ಮಾಡಬೇಕು ಎಂದಳು.

“ಏನು ಓದ್ತೀಯೇ ಮತ್ತೆ?” ಎಂದು ಅತ್ತೆ ಕೇಳಿದಳು.

“ನೀರು, ಅತ್ತೆ. ನೀರಿನ ನಿರ್ವಹಣೆ.”

“ನೀರನ್ನ ಕುಡೀತಾರೆ ಕಣೇ, ಓದ್ತಾರಾ?”

“ಓದಿದ್ರೆ ಕುಡಿಯೋಕೆ ಉಳಿಯುತ್ತೆ.”

ಅತ್ತೆ ಆ ಮಾತನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದಳು. ಎರಡು ಒಳ್ಳೆಯ ಎಮ್ಮೆ ಮಾರಿ ಸೋದರಸೊಸೆಯನ್ನು ಮತ್ತೆ ಬಸ್ರಾಕ್ಕೆ ಕಳಿಸಿದಳು. ಪಕ್ಕದ ದಿಬ್ಬದ ಮುತಶ್ಶರ್, ಆರು ಎಮ್ಮೆಗಳ ಒಡೆಯ, ಬಾಯಿ ತುಸು ಜೋರು, ಸಿಕ್ಕಿದಾಗಲೆಲ್ಲ ಚುಚ್ಚುತ್ತಿದ್ದ: “ವನ್ಸಾ, ಎರಡೆಮ್ಮೆ ಕೊಟ್ಟು ಒಂದು ಕಾಗದ ತರ್ತಿದ್ದೀಯ. ಕಾಗದ ಹಾಲು ಕೊಡುತ್ತೇನು?” ಅತ್ತೆ ತಿರುಗಿಸಿ ಕೊಡುತ್ತಿದ್ದಳು: “ನಿನ್ನ ಎಮ್ಮೆ ಓದುತ್ತೇನು?”

ಉಪ್ಪು ಯಾವ ತಿಂಗಳಲ್ಲಿ ಎಷ್ಟು ವೇಗದಲ್ಲಿ ಮೇಲಕ್ಕೆ ಬರುತ್ತದೆ, ಎಷ್ಟು ಸಿಹಿನೀರು ಬಿಟ್ಟರೆ ಎಲ್ಲಿ ನಿಲ್ಲುತ್ತದೆ ಎನ್ನುವುದೇ ದುಹಾಳ ಪ್ರಬಂಧ. ಒಳ್ಳೆಯ ದರ್ಜೆಯಲ್ಲಿ ಪಾಸಾದಳು. ಆದರೆ ನೌಕರಿ ಬರಲಿಲ್ಲ. ಒಂದು ವರ್ಷ ಕಚೇರಿಯಿಂದ ಕಚೇರಿಗೆ ಅರ್ಜಿ ಹಿಡಿದು ಅಲೆದಳು. ಎರಡನೆಯ ವರ್ಷ ಮಿಜ್ಬಿಲ್‌ನನ್ನು ಜೊತೆಗೆ ಕರೆದುಕೊಂಡು ಬಾಗ್ದಾದಿಗೆ ಹೋಗಿ, ತನ್ನಂತೆಯೇ ದೊಡ್ಡ ಪದವಿ ಹಿಡಿದು ಕೆಲಸವಿಲ್ಲದೆ ಕೂತವರ ಧರಣಿಗೆ ಸೇರಿದಳು. ಭೂವಿಜ್ಞಾನ ಓದಿದವರು, ಮಣ್ಣು ಓದಿದವರು, ಕಾಡು ಓದಿದವರು, ಎಲ್ಲರೂ ಕಟ್ಟು ಹಾಕಿಸಿದ ಪದವಿಪತ್ರಗಳನ್ನು ಎದೆಗಾನಿಸಿಕೊಂಡು ಬಿಸಿಲಲ್ಲಿ ಕೂತಿದ್ದರು. ಮೂರು ತಿಂಗಳು ಕೂತರು. ಕೊನೆಗೊಂದು ದಿನ ಪೈಪು ಹಿಡಿದು ಅವರ ಮೇಲೆ ನೀರು ಹಾರಿಸಿ ಚದುರಿಸಿದರು. ಬಟ್ಟೆ ಹಿಂಡಿಕೊಳ್ಳುತ್ತ ಮಿಜ್ಬಿಲ್ ಹೇಳಿದ, “ನೋಡು ಡಾಕ್ಟ್ರೇ, ನೀನು ಕೇಳಿದ್ದು ನೀರೇ ತಾನೇ, ಕೊಟ್ರಲ್ಲ.” ಅವನು ಅವಳನ್ನು ಡಾಕ್ಟ್ರೇ ಎಂದೇ ಕರೆಯುತ್ತಿದ್ದ, ಅವಳು ಡಾಕ್ಟರ್ ಅಲ್ಲ ಎಂದು ಎಷ್ಟು ಹೇಳಿದರೂ ಅವನಿಗೆ ಅದು ಬೇಕಿರಲಿಲ್ಲ.

ಮೂರನೆಯ ವರ್ಷ ನೀರಿನ ಕಚೇರಿಯೊಂದರಲ್ಲಿ ಗುತ್ತಿಗೆಯ ಕೆಲಸ ಸಿಕ್ಕಿತು. ವಾರಕ್ಕೆರಡು ಬಾರಿ ಜೌಗಿನ ಹನ್ನೊಂದು ಕಡೆ ದೋಣಿಯಲ್ಲಿ ಹೋಗಿ ನೀರಿನ ಆಳ, ಬಿಸಿ, ಉಪ್ಪು ಅಳೆದು ತಂದು ಒಪ್ಪಿಸಬೇಕು. ವರ್ಷ ವರ್ಷ ಗುತ್ತಿಗೆ ಹೊಸದಾಗಬೇಕು, ಆಗದಿದ್ದರೆ ಮನೆಗೆ. ದೋಣಿ ನಡೆಸಲು ಮಿಜ್ಬಿಲ್‌ನನ್ನೇ ದಿನಗೂಲಿಗೆ ಹಾಕಿಕೊಂಡರು. ಹೆಣ್ಣುಮಗಳು ಒಬ್ಬಳೇ ಜೊಂಡಿನೊಳಗೆ ತಿರುಗಿದರೆ ಜನ ಮಾತಾಡುತ್ತಿದ್ದರು. ಅಣ್ಣನಂತಿದ್ದ ಮಿಜ್ಬಿಲ್ ಜೊತೆಗಿದ್ದರೆ ಬಾಯಿ ಮುಚ್ಚಿಕೊಂಡು ಚಹಾ ಕೊಡುತ್ತಿದ್ದರು.

ಅವಳ ಮೇಲಿನ ಅಧಿಕಾರಿಯನ್ನು ಎಲ್ಲರೂ ಮರ್ಯಾದೆಗೆ ಉಸ್ತಾದ್ ಫಾಖಿರ್ ಎನ್ನುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಇಂಜಿನಿಯರು, ಸೌಮ್ಯ ಮನುಷ್ಯ. ಅವಳ ಲೆಕ್ಕಾಚಾರಗಳನ್ನು ಮೊದಲ ಸಲ ನೋಡಿದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ್ದರು. “ಇಷ್ಟು ವರ್ಷ ನಾವು ನೀರು ಎಷ್ಟಿದೆ ಅಂತ ಬರೀತಿದ್ವಿ ಮಗಳೇ. ಎಲ್ಲಿಗೆ ಹೋಗುತ್ತೆ ಅಂತ ಬರೆದವಳು ನೀನೇ” ಎಂದಿದ್ದರು. ದುಹಾ ಆ ಮಾತನ್ನು ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡು ಬೆಚ್ಚಗಿದ್ದಳು.

ಮೊದಲ ವರ್ಷ ಚೆನ್ನಾಗಿಯೇ ಇತ್ತು. ಜನ ಅವಳ ದೋಣಿ ಕಂಡರೆ ಕೂಗಿ ಕೇಳುತ್ತಿದ್ದರು, “ದುಹಾ, ಇವತ್ತು ಎಷ್ಟು?” ಲೀಟರಿಗೆ ಎರಡು ಗ್ರಾಂ, ಎರಡೂವರೆ ಎಂದು ಅವಳು ಕೂಗಿ ಹೇಳುತ್ತಿದ್ದಳು. ಐದು ದಾಟಿದರೆ ಎಮ್ಮೆಯ ಹಾಲು ಇಳಿಯುತ್ತದೆ, ಎಂಟು ದಾಟಿದರೆ ಹೊಟ್ಟೆ ಕೆಡುತ್ತದೆ, ಹತ್ತಕ್ಕೆ ಕಣ್ಣು ಹೋಗುತ್ತದೆ ಎಂದು ಅವಳೇ ಎಲ್ಲರಿಗೂ ಕಲಿಸಿದ್ದಳು. ಚಿಕ್ಕ ಮಕ್ಕಳಿಗೂ ಅದು ಬಾಯಿಪಾಠವಾಗಿತ್ತು.

ಮರುವರ್ಷ ಮಳೆ ಬೀಳಲಿಲ್ಲ, ಮೇಲಿನ ದೇಶದವರು ಬಿಡುವ ನೀರೂ ಅರ್ಧಕ್ಕಿಳಿಯಿತು. ಏಪ್ರಿಲ್‌ನಲ್ಲಿ ಉಪ್ಪು ಮೂರೂವರೆ, ಜೂನ್‌ನಲ್ಲಿ ಐದು. ಜುಲೈ ಕೊನೆಗೆ ಅತ್ತೆಯ ದಿಬ್ಬದ ಪಕ್ಕದ ಕಾಲುವೆಯಲ್ಲಿ ಆರೂಮುಕ್ಕಾಲು. ದೋಣಿಯ ತಳ ಕೆಸರಿಗೆ ಉಜ್ಜುತ್ತಿತ್ತು. ಮಿಜ್ಬಿಲ್ ಎಷ್ಟೋ ಕಡೆ ಇಳಿದು ತಳ್ಳಬೇಕಾಗುತ್ತಿತ್ತು. ಒಬ್ಬೊಬ್ಬರಾಗಿ ಜನ ಹೊರಡತೊಡಗಿದರು. ಆಗಸ್ಟ್ ಮೊದಲ ವಾರ ಹದಿನೈದು ಕುಟುಂಬದವರು ಕೂಡಿ ಬಡಗಣಕ್ಕೆ ಹೋಗಲು ಲಾರಿ ಗೊತ್ತು ಮಾಡಿದರು. ಒಂಬತ್ತನೆಯ ತಾರೀಖು ಹೊರಡುವುದೆಂದಾಯಿತು.

ಏಳನೆಯ ತಾರೀಖು, ಭಾನುವಾರ, ಉಸ್ತಾದ್ ಫಾಖಿರ್ ಅವಳನ್ನು ಕರೆದು ಒಂದು ಕಾಗದ ಮುಂದಿಟ್ಟರು. ಮೇಲಿನಿಂದ ಬಂದ ಆದೇಶ, ಸಹಿ, ಮೊಹರು ಎಲ್ಲ ಇತ್ತು. ಹತ್ತನೆಯ ತಾರೀಖಿನಿಂದ ಹದಿನೈದು ದಿನ ಹೊಳೆಯ ಕಟ್ಟೆಯ ಗೇಟುಗಳನ್ನು ಜೌಗಿನ ಕಡೆಗೆ ತೆರೆಯಲಾಗುವುದು. ದುಹಾ ಅಲ್ಲೇ ಕೂತು ಲೆಕ್ಕ ಹಾಕಿದಳು. ಅಷ್ಟು ನೀರು ಬಿಟ್ಟರೆ ಆರು ದಿನಕ್ಕೆ ಅತ್ತೆಯ ದಿಬ್ಬ ಮುಟ್ಟುತ್ತದೆ. ಹದಿನಾರನೆಯ ತಾರೀಖು. ಅಲ್ಲಿಂದ ಒಂದು ವಾರಕ್ಕೆ ಉಪ್ಪು ನಾಲ್ಕಕ್ಕೆ ಇಳಿಯುತ್ತದೆ. ಎರಡು ಸಲ ಕೂಡಿ ಕಳೆದು ನೋಡಿದಳು, ತಪ್ಪಿರಲಿಲ್ಲ.

ಅವತ್ತು ಸಂಜೆ ಅವಳು ದಿಬ್ಬಕ್ಕೆ ಹೋದಾಗ ಅತ್ತೆ ಅಕ್ಕಿರೊಟ್ಟಿ ಸುಡುತ್ತಿದ್ದಳು. ಸಾಮಾನು ಅರ್ಧ ಕಟ್ಟಿ ಇಟ್ಟಿತ್ತು. ಮುತಶ್ಶರ್ ಮತ್ತು ಅಕ್ಕಪಕ್ಕದ ದಿಬ್ಬಗಳ ಇನ್ನು ಮೂವರು ಯಜಮಾನರು ಚಹಾದ ಲೋಟ ಹಿಡಿದು ಕೂತಿದ್ದರು.

“ಬಾ ಮಗಾ, ನಿನ್ನನ್ನೇ ಕಾಯ್ತಿದ್ವಿ” ಎಂದಳು ಅತ್ತೆ. “ಲಾರಿಯವನು ಜಾಗ ಇದೆ ಅಂತಾನೆ. ನಾಳೆಯೊಳಗೆ ಹೇಳಬೇಕಂತೆ. ನೀನು ಹೇಳು. ಹೋಗೋದಾ, ಇರೋದಾ?”

“ಈ ಬಿಸಿಲಲ್ಲಿ ಲಾರಿ ಹತ್ತಿಸಿದ್ರೆ ಗಬ್ಬದ ಎಮ್ಮೆ ಉಳಿಯಲ್ಲ” ಎಂದ ಮುತಶ್ಶರ್. “ಆದ್ರೆ ಇಲ್ಲಿದ್ರೂ ಉಳಿಯಲ್ಲ ಅನ್ನೋದಾದ್ರೆ ಹೋಗಿಬಿಡ್ತೀವಿ. ಅಲ್ಲಿ ಹೋಗಿ ಯಾರ ಚರಂಡೀಲಿ ಬಿಡಬೇಕೋ ಅದು ಬೇರೆ.”

ದುಹಾ ಕಾಗದದ ವಿಷಯ ಹೇಳಿದಳು. ಗೇಟು ಯಾವತ್ತು ತೆರೆಯುತ್ತದೆ, ನೀರು ಎಷ್ಟು ದಿನಕ್ಕೆ ಬರುತ್ತದೆ, ಉಪ್ಪು ಎಷ್ಟಕ್ಕಿಳಿಯುತ್ತದೆ ಎಂದು ಬೆರಳು ಮಡಿಚಿ ವಿವರಿಸಿದಳು. ಅವರು ತಲೆಯಾಡಿಸುತ್ತ ಕೇಳಿದರು. ಕೊನೆಗೆ ಅತ್ತೆಯೇ ಕೇಳಿದಳು, “ಅಂದ್ರೆ ಇರೋಣ ಅಂತೀಯಾ?”

ದುಹಾ ಅರ್ಧ ಕಟ್ಟಿದ ಸಾಮಾನಿನ ಕಡೆ ನೋಡಿದಳು. ಆಮೇಲೆ, “ಇರಿ ಅತ್ತೆ. ಹದಿನಾರಕ್ಕೆ ನೀರು ಬರುತ್ತೆ” ಎಂದಳು.

ಅತ್ತೆ ಎದ್ದು ಕಟ್ಟಿದ ಗಂಟುಗಳಲ್ಲಿ ಒಂದನ್ನು ಬಿಚ್ಚಿ, ಒಳ್ಳೆಯ ಲೋಟಗಳನ್ನು ಹೊರತೆಗೆದು ಎಲ್ಲರಿಗೂ ಇನ್ನೊಂದು ಸುತ್ತು ಚಹಾ ಕೊಟ್ಟಳು. ಒಂಬತ್ತನೆಯ ತಾರೀಖು ಲಾರಿಗಳು ಹೋದವು. ಐದು ಕುಟುಂಬ ಉಳಿದುಕೊಂಡವು, ಎಂಬತ್ತು ಚಿಲ್ಲರೆ ಎಮ್ಮೆಗಳೊಂದಿಗೆ.

ಹದಿಮೂರನೆಯ ತಾರೀಖಿಗೆ ಉಪ್ಪು ಎಂಟು ಮುಟ್ಟಿತು. ಎರಡು ಎಮ್ಮೆ ಮೇವು ಬಿಟ್ಟವು. “ಇನ್ನು ಮೂರೇ ದಿನ” ಎಂದಳು ದುಹಾ. ಹದಿನೈದರ ಸಂಜೆ ತಾನು ನೆಟ್ಟ ಅಳತೆಗೋಲಿನ ಮುಂದೆ ಮೊಣಕಾಲೆತ್ತರ ಕೆಸರಲ್ಲಿ ನಿಂತು ನೋಡಿದಳು. ನೀರು ಏರುವುದಿರಲಿ, ಇನ್ನೂ ಎರಡು ಬೆರಳು ಇಳಿದಿತ್ತು. ಮೊದಲ ನೀರಿನ ತುದಿಯಾದರೂ ಇಷ್ಟು ಹೊತ್ತಿಗೆ ಮೇಲಿನ ಕಾಲುವೆಗಳಲ್ಲಿ ಕಾಣಬೇಕಿತ್ತು.

ಹದಿನಾರರ ಬೆಳಿಗ್ಗೆ ಅವಳೂ ಮಿಜ್ಬಿಲ್ಲೂ ಬಾಡಿಗೆ ಕಾರು ಹಿಡಿದು ಕಟ್ಟೆಗೆ ಹೋದರು. ಗೇಟುಗಳು ಇಳಿದಿದ್ದವು. ಕಾವಲಿನವನು ನೆರಳಲ್ಲಿ ಕೂತು ಕಲ್ಲಂಗಡಿ ಕೊಯ್ಯುತ್ತಿದ್ದ. ಅವರಿಗೂ ಒಂದೊಂದು ಹೋಳು ಕೊಟ್ಟ.

“ಬುಧವಾರ ಬೆಳಿಗ್ಗೆ ಎತ್ತಿದ್ವಿ ತಾಯಿ. ಗುರುವಾರ ಮಧ್ಯಾಹ್ನ ಫೋನ್ ಬಂತು, ಇಳಿಸಿ ಅಂತ. ಕೆಳಗಿನ ಪಟ್ಟಣದಲ್ಲಿ ಕುಡಿಯೋ ನೀರಿಗೇ ಉಪ್ಪು ನುಗ್ಗಿದೆಯಂತೆ. ಆ ಕಡೆಗೆ ತಿರುಗಿಸಿದ್ವಿ.”

“ಮತ್ತೆ ಯಾವಾಗ ಎತ್ತುತ್ತೀರಿ?”

“ಫೋನ್ ಬಂದಾಗ.”

ದುಹಾ ಆ ಹೋಳನ್ನು ಕೈಯಲ್ಲಿ ಹಿಡಿದುಕೊಂಡೇ ಕಾರು ಹತ್ತಿದಳು. ಅಲ್ಲಿಂದ ನೇರ ಕಚೇರಿಗೆ ಹೋದಳು. ಉಸ್ತಾದ್ ಫಾಖಿರ್ ಅವಳ ಮುಖ ನೋಡಿದವರೇ ಬಾಗಿಲು ಮುಂದೆ ಮಾಡಲು ಎದ್ದರು.

“ಉಸ್ತಾದ್, ನಿಮಗೆ ಯಾವತ್ತು ಗೊತ್ತಾಯ್ತು?”

“ಗುರುವಾರ ಸಂಜೆ.”

“ಇವತ್ತು ಮಂಗಳವಾರ.”

ಅವರು ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡಿದರು. “ಎರಡು ದಿನದಲ್ಲಿ ಮತ್ತೆ ತೆರೀತೀವಿ ಅಂದ್ರು. ನಿನ್ನನ್ನ ಯಾಕೆ ಗಾಬರಿ ಮಾಡೋದು ಅಂದುಕೊಂಡೆ. ಆಮೇಲೆ ಇನ್ನೆರಡು ದಿನ ಅಂದ್ರು. ನಾನೂ ನಂಬಿದೆ. ಇಪ್ಪತ್ತೆಂಟು ವರ್ಷದಿಂದ ನಂಬ್ತಾ ಬಂದಿದ್ದೀನಿ ಮಗಳೇ. ನಂಬದಿದ್ರೆ ಬೆಳಿಗ್ಗೆ ಎದ್ದು ಇಲ್ಲಿಗೆ ಬರೋಕೇ ಆಗಲ್ಲ.”

“ನನ್ನ ಮಾತು ಕೇಳಿ ಐದು ಮನೆಯವರು ಉಳಿದ್ರು, ಉಸ್ತಾದ್.”

“ಅದು ನನಗೆ ಗೊತ್ತಿರಲಿಲ್ಲ” ಎಂದರು ಅವರು. ಅದು ನಿಜವೂ ಆಗಿತ್ತು. ಅವಳು ಅವರಿಗೆ ಹೇಳಿರಲಿಲ್ಲ. ಜನರಿಗೆ ಇರಿ ಎಂದೋ ಹೋಗಿ ಎಂದೋ ಹೇಳುವುದು ಅವಳ ಕೆಲಸದಲ್ಲಿ ಸೇರಿದ್ದೇ ಅಲ್ಲ.

ಲಾರಿಗಳೆಲ್ಲ ಬಡಗಣಕ್ಕೆ ಹೋಗಿ ಕೂತಿದ್ದವು. ಐದು ದಿನದ ಮೊದಲು ಯಾರೂ ಬರಲೊಪ್ಪಲಿಲ್ಲ. ದುಹಾ ಪೇಟೆಯಿಂದ ಸಿಹಿನೀರಿನ ಎರಡು ಟ್ಯಾಂಕರ್ ಕರೆತಂದಳು. ಟ್ಯಾಂಕರ್ ಏರಿಯ ತನಕ ಬರುತ್ತದೆ, ಆಚೆಗೆ ದಾರಿಯಿಲ್ಲ. ಅಲ್ಲಿಂದ ಪೀಪಾಯಿಗೆ ತುಂಬಿ, ದೋಣಿಯಲ್ಲಿಟ್ಟು, ನೀರು ಸಾಲದ ಕಡೆ ದೋಣಿಯನ್ನು ಕೆಸರಲ್ಲಿ ಎಳೆದುಕೊಂಡು ಹೋಗಬೇಕು. ಐದು ಮನೆಯ ಹೆಂಗಸರು ಗಂಡಸರು ಎಲ್ಲ ಎಳೆದರು. ಬಿಸಿಲು ಐವತ್ತು ಡಿಗ್ರಿ. ದಿಬ್ಬ ಮುಟ್ಟುವ ಹೊತ್ತಿಗೆ ಪೀಪಾಯಿಯ ನೀರು ಕೈ ಅದ್ದಲಾಗದಷ್ಟು ಕಾದಿರುತ್ತಿತ್ತು. ಒಂದು ಎಮ್ಮೆಗೆ ದಿನಕ್ಕೆ ನಾಲ್ಕು ಕೊಡ ನೀರು ಬೇಕು. ಒಂದು ಕೊಡವೂ ಸಿಗಲಿಲ್ಲ. ಬಾಯಾರಿದ ಎಮ್ಮೆಗಳನ್ನು ಎಷ್ಟೆಂದು ಕಟ್ಟಿಹಾಕುವುದು. ಹಗ್ಗ ಹರಿದುಕೊಂಡು ಹೋಗಿ ಕಾಲುವೆಯ ನೀರನ್ನೇ ಕುಡಿದವು. ಹದಿನೆಂಟನೆಯ ತಾರೀಖು ಅದು ಹನ್ನೊಂದು ಗ್ರಾಂ.

ಮೊದಲು ಅತ್ತೆಯ ಗಬ್ಬದ ಎಮ್ಮೆ ಗಮ್ರಾ ಬಿತ್ತು. ಹೊಟ್ಟೆ ಕೆಟ್ಟು ಎರಡು ದಿನ ನಿಂತೇ ನರಳಿ, ಕಣ್ಣಿನ ಮೇಲೆ ಹಾಲಿನಂಥ ಪೊರೆ ಬಂದು, ಎದುರಿಗಿದ್ದ ಅತ್ತೆಯನ್ನು ಮೂಸಿ ಗುರುತು ಹಿಡಿದು ಕುಸಿಯಿತು. ಅತ್ತೆ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೈ ಹೊದ್ದ ಕಪ್ಪು ಅಬಾಯಾದ ಅಂಚನ್ನು ಸಿಹಿನೀರಿಗೆ ಅದ್ದಿ ಅದರ ಬಾಯಿಗೆ ಹಿಂಡಿದಳು. ಅದು ಕುಡಿಯಲಿಲ್ಲ. ಆಮೇಲೆ ಒಂದೊಂದು ಮನೆಯಲ್ಲೂ ದಿನಕ್ಕೆ ಎರಡು, ದಿನಕ್ಕೆ ಮೂರು. ಸತ್ತವನ್ನು ದೂರ ಎಳೆದು ಹಾಕಲು ದೋಣಿ ತೇಲುವಷ್ಟು ನೀರೂ ಇರಲಿಲ್ಲ. ಗಾಳಿ ಬೀಸಿದಾಗೆಲ್ಲ ಊಟ ಬಾಯಿಗಿಡಲಾಗುತ್ತಿರಲಿಲ್ಲ. ಲಾರಿ ಬರುವ ಹೊತ್ತಿಗೆ ಅತ್ತೆಯ ಹದಿನಾಲ್ಕರಲ್ಲಿ ಐದು ಉಳಿದಿದ್ದವು. ಐದು ಮನೆಗಳಿಂದ ಒಟ್ಟು ನಲವತ್ತು ಹೋದವು. ಮುತಶ್ಶರನದ್ದು ಆರಕ್ಕೆ ಆರೂ.

ದುಹಾ ಆ ದಿನಗಳಲ್ಲಿ ಮನೆಮನೆಗೂ ಹೋದಳು. ಬೈಯಲಿ, ಹೊಡೆಯಲಿ ಎಂದೇ ಹೋದಳು. ಯಾರೂ ದನಿ ಎತ್ತಲಿಲ್ಲ. ಮುತಶ್ಶರ್ ಒಬ್ಬನೇ ಮಾತಾಡಿದ್ದು. ಅವನು ಖಾಲಿ ಕೊಟ್ಟಿಗೆಯ ಜೊಂಡು ಕಿತ್ತು ಕಟ್ಟು ಕಟ್ಟುತ್ತಿದ್ದ. ಹಳೆಯ ಕುಹಕ ದನಿಯಲ್ಲಿರಲಿಲ್ಲ.

“ನಿನ್ನ ಯಂತ್ರ ಸರಿಯಾಗೇ ಹೇಳ್ತು ಮಗಳೇ. ಆರು, ಏಳು, ಎಂಟು. ನಾವು ಯಂತ್ರದ ಮಾತು ಕೇಳಬೇಕಿತ್ತು. ನಿನ್ನ ಮಾತು ಕೇಳಿದ್ವಿ.”

ಅವಳು ನಿಂತೇ ಇದ್ದಳು. ಅವನು ಕಟ್ಟು ಬಿಗಿದು, “ಹೋಗು, ಬಿಸಿಲು ಜಾಸ್ತಿ ಇದೆ” ಎಂದ.

ಅತ್ತೆ ಹೊರಟ ದಿನ ಐದು ಎಮ್ಮೆಗಳನ್ನು ಲಾರಿಗೆ ಹತ್ತಿಸಿ, ಹಾಲಿನ ಪಾತ್ರೆಗಳನ್ನು ಕಟ್ಟಿ, ಕೊನೆಗೆ ಸೊಸೆಯ ಕೈ ಹಿಡಿದುಕೊಂಡಳು. “ಅತ್ತೆ, ನಾನು...” ಎಂದಳು ದುಹಾ.

“ಗೊತ್ತು” ಎಂದಳು ಅತ್ತೆ. “ನೀನು ನಮಗೆ ಒಳ್ಳೇದಾಗಲಿ ಅಂತ ಹೇಳಿದೆ. ಆವತ್ತು ಆ ನೀರನ್ನ ನಾನೂ ಬಾಯಿಗೆ ಹಾಕಿ ನೋಡಿದ್ದೆ ಕಣೇ. ಹೋಗ್ಬೇಕು ಅಂತ ನಂಗೆ ಗೊತ್ತಾಗಿತ್ತು. ಓದಿದೋಳು ಹೇಳ್ತಾಳಲ್ಲ ಅಂತ ಸುಮ್ನಾದೆ.”

ಇದನ್ನು ಅವಳು ದೂರಾಗಿ ಹೇಳಲಿಲ್ಲ, ಸಮಾಧಾನವಾಗಿಯೇ ಹೇಳಿದಳು. ಆದರೆ ದುಹಾಳಿಗೆ ಮುಂದೆ ಎಷ್ಟೋ ತಿಂಗಳು ನಿದ್ದೆ ಕೆಡಿಸಿದ್ದು ಈ ಮಾತೇ.

ಆ ವಾರದ ವರದಿಯಲ್ಲಿ ಷರಾ ಬರೆಯುವ ಜಾಗದಲ್ಲಿ, ಯಾವತ್ತೂ ಖಾಲಿ ಬಿಡುತ್ತಿದ್ದ ಜಾಗದಲ್ಲಿ, ಅವಳು ಹೀಗೆ ಬರೆದಳು: “ಬಿಡುಗಡೆಯಾದ ನೀರು ನಿಂತದ್ದು ಐದು ದಿನ ತಿಳಿಸಲಿಲ್ಲ. ನಲವತ್ತು ಎಮ್ಮೆ ಸತ್ತವು. ನೀರು ಬರುತ್ತದೆ ಎಂದು ಜನರಿಗೆ ಹೇಳಿದವಳು ನಾನು.” ಕೆಳಗೆ ಸಹಿ ಹಾಕಿದಳು.

ಉಸ್ತಾದ್ ಫಾಖಿರ್ ಅದನ್ನು ಓದಿ ಅವಳ ಕಡೆಗೆ ತಳ್ಳಿದರು. “ಇದನ್ನ ತೆಗೆದು ಬರಿ. ನಿನ್ನ ಗುತ್ತಿಗೆ ಹೊಸದಾಗಲ್ಲ.”

“ಆಗದಿದ್ರೆ ಬೇಡ.”

“ನನ್ನ ಪಿಂಚಣಿಗೂ ಕಲ್ಲು ಬೀಳಬಹುದು.”

“ನಿಮ್ಮ ಹೆಸರು ಬರೆದಿಲ್ಲ, ಉಸ್ತಾದ್.”

ಅವರು ಕೊನೆಗೆ ಹಾಗೆಯೇ ಮೇಲಕ್ಕೆ ಕಳಿಸಿದರು. ಗುತ್ತಿಗೆ ಹೋಗುತ್ತದೆ ಎಂದು ಅವಳು ಕಾದಳು. ಏನೂ ಆಗಲಿಲ್ಲ. ಬೈಗುಳ ಬರಲಿಲ್ಲ, ವಿಚಾರಣೆ ಬರಲಿಲ್ಲ. ವರದಿಯನ್ನು ಯಾರೂ ಓದಿರಲಿಲ್ಲ. ಅದು ಗೊತ್ತಾದ ದಿನವೇ ಅವಳು ಮೊದಲ ಸಲ ಅತ್ತದ್ದು, ಕಚೇರಿಯ ಹಿಂದಿನ ಮೆಟ್ಟಿಲ ಮೇಲೆ ಕೂತು.

ಚಳಿಗಾಲದಲ್ಲಿ ಒಂದು ತೈಲ ಕಂಪನಿಯ ಪರಿಸರ ವಿಭಾಗದಿಂದ ಕರೆ ಬಂತು. ಬಸ್ರಾದಲ್ಲಿ ಕೆಲಸ, ಒಳ್ಳೆಯ ಸಂಬಳ, ತಂಪು ಕೋಣೆ. ಜೊತೆಗೆ ಓದಿದವರೆಲ್ಲ ಅಂಥ ಕಡೆಯೇ ಇದ್ದರು. ಅವಳು ಹೋಗಲಿಲ್ಲ. ಯಾಕೆ ಎಂದು ಮಿಜ್ಬಿಲ್ ಜಗಳಕ್ಕೇ ಬಂದ. ಅವನು ಆಗಲೇ ದೋಣಿ ಬಿಟ್ಟು ತೈಲ ಬಾವಿಯೊಂದರ ಗೇಟಿನಲ್ಲಿ ಕಾವಲಿಗೆ ಸೇರಿದ್ದ. “ಇಲ್ಲಿ ಇನ್ನು ಯಾರಿಗೆ ಅಳೀತೀಯ ಡಾಕ್ಟ್ರೇ? ಕೇಳೋರೇ ಇಲ್ಲ.” ಅವಳು, “ಇನ್ನೂ ನಾಲ್ಕು ಮನೆ ಇದೆ” ಎಂದಷ್ಟೇ ಹೇಳಿದಳು. ನಿಜಕ್ಕೂ ತೆಂಕಣ ಅಂಚಿನಲ್ಲಿ ನಾಲ್ಕು ಮನೆಯವರು ಅಲುಗಾಡದೆ ಕೂತಿದ್ದರು.

ಆಮೇಲಿಂದ ಅವಳು ಒಂದು ರೂಢಿ ಮಾಡಿಕೊಂಡಳು. ನೀರು ಬಿಡುತ್ತೇವೆಂದು ಯಾವ ಕಾಗದ ಬಂದರೂ ಅದನ್ನು ಮಡಿಚಿಟ್ಟು, ಹೊಸ ದೋಣಿಕಾರನ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಕಟ್ಟೆಗೆ ಹೋಗುವುದು. ಗೇಟು ಎತ್ತಿದ್ದನ್ನು ಕಣ್ಣಾರೆ ನೋಡುವುದು. ಮಾರನೆಯ ದಿನ ಮತ್ತೆ ಹೋಗಿ ಎತ್ತಿಯೇ ಇದೆಯೇ ಎಂದು ನೋಡುವುದು. ಮೂರನೆಯ ದಿನವೂ ನೋಡಿದ ಮೇಲೆ ಜನರಿಗೆ ಹೇಳುವುದು. ಕಾವಲಿನವನಿಗೆ ಅವಳು ಬರುವುದು ಅಭ್ಯಾಸವಾಗಿ, ಕುರ್ಚಿ ಹಾಕುತ್ತಿದ್ದ. ಏಳು ಕಾಗದಗಳಲ್ಲಿ ಎರಡು ಸಲ ಮಾತ್ರ ಗೇಟು ಮೂರು ದಿನ ನಿಂತಿತು.

ಉಸ್ತಾದ್ ಫಾಖಿರ್ ನಿವೃತ್ತರಾದರು. ಧರಣಿ ಕೂತವರಿಗೆ ಕೆಲಸ ಕೊಡುವುದೆಂದು ಕೊನೆಗೂ ತೀರ್ಮಾನವಾಗಿ, ಆ ಪಟ್ಟಿಯಲ್ಲಿ ಅವಳ ಹೆಸರಿದ್ದದ್ದಕ್ಕೆ, ಎಷ್ಟೋ ವರ್ಷದ ನಂತರ, ಕೆಲಸ ಕಾಯಂ ಆಯಿತು. ಆದೇಶ ಕೈಗೆ ಬಂದ ದಿನ ಕಚೇರಿಯವರು ಸಿಹಿ ತರಿಸಿ ಹಂಚಿದರು. ಅವಳೂ ಒಂದು ತಿಂದಳು.

ಅದೇ ವರ್ಷದ ಚಳಿಗಾಲ ಮೇಲಿನ ಬೆಟ್ಟಗಳಲ್ಲಿ ಮಳೆ ಚೆನ್ನಾಗಿ ಬಿತ್ತು. ಗೇಟು ಎತ್ತಿ ಇಪ್ಪತ್ತು ದಿನ ಇಳಿಸಲಿಲ್ಲ. ಅತ್ತೆಯ ಹಳೆಯ ದಿಬ್ಬದ ಸುತ್ತ ಸೊಂಟದಷ್ಟು ನೀರು ನಿಂತು, ಉಪ್ಪು ಎರಡಕ್ಕೆ ಇಳಿಯಿತು. ಹಳೇ ಬುಡಗಳಿಂದ ಜೊಂಡು ಚಿಗುರಿತು. ದುಹಾ ರಜೆ ಹಾಕಿ, ಬಸ್ಸು ಬದಲಿಸುತ್ತ ಬಡಗಣಕ್ಕೆ ಹೋದಳು.

ಅತ್ತೆ ಇದ್ದದ್ದು ಒಂದು ನಗರದ ತರಕಾರಿ ಮಂಡಿಯ ಹಿಂದೆ, ಊರ ಕೊಳಕು ಹರಿಯುವ ಕಾಲುವೆಯ ದಡದಲ್ಲಿ, ತಗಡಿನ ಗುಡಿಸಲಲ್ಲಿ. ಐದು ಎಮ್ಮೆ ಮೂರಾಗಿತ್ತು. ಅವು ಕಪ್ಪು ನೀರಲ್ಲಿ ಮುಳುಗಿ, ಮಂಡಿಯವರು ಎಸೆದ ಕೋಸಿನ ಎಲೆ ಮೆಲ್ಲುತ್ತಿದ್ದವು. ಅತ್ತೆ ಕುಗ್ಗಿಹೋಗಿದ್ದಳು. ಸೊಸೆಯನ್ನು ತಬ್ಬಿ ಮುತ್ತಿಟ್ಟು ಒಳಗೆ ಕರೆದೊಯ್ದಳು.

ದುಹಾ ಕಾಯಲಾರದೆ ಹೇಳಿದಳು. “ಅತ್ತೆ, ನೀರು ಬಂದಿದೆ. ಈ ಸಲ ಕಾಗದ ಅಲ್ಲ. ಇಪ್ಪತ್ತು ದಿನ ನಿಂತು ನೋಡಿದ್ದೀನಿ. ನಮ್ಮ ದಿಬ್ಬದ ಹತ್ರಾನೇ ಹೋಗಿದ್ದೆ, ನಾನೇ ಕುಡಿದು ನೋಡ್ದೆ.”

“ಸಿಹಿ ಇತ್ತಾ?”

“ಸಿಹಿ ಇತ್ತು.”

ಅತ್ತೆಯ ಮುಖ ಒಂದು ಕ್ಷಣ ಅರಳಿತು. ಆಮೇಲೆ ಅವಳು ತಲೆ ಅಲ್ಲಾಡಿಸಿದಳು. “ಬಂದಿರುತ್ತೆ. ನೀನು ಸುಳ್ಳು ಹೇಳಲ್ಲ. ಆದ್ರೆ ನಾನು ಬರಲ್ಲ ಮಗಾ.”

“ಯಾಕೆ ಅತ್ತೆ? ಮಿಜ್ಬಿಲ್ ಲಾರಿ ಮಾಡ್ತಾನೆ. ನಾನು ಜೊತೆಗಿರ್ತೀನಿ.”

“ಎರ್ಡು ಸಲ ಬಿಟ್ಟು ಬಂದೆ. ಮೊದಲನೇ ಸಲ ನಿನ್ನಪ್ಪನ ಜೊತೆ, ಎರಡನೇ ಸಲ ನೀನೇ ಹತ್ತಿಸಿ ಕಳಿಸ್ದೆ. ಈಗ ಬಂದ್ರೆ ಇನ್ನೊಂದು ಸಲ ಬಿಟ್ಟು ಬರಬೇಕಾಗುತ್ತೆ. ಮುಂದಿನ ವರ್ಷವೋ, ಅದರ ಮುಂದಿನ ವರ್ಷವೋ. ಆಗಲ್ಲ ಅಂತ ಹೇಳ್ತೀಯಾ?”

ದುಹಾಳ ಹತ್ತಿರ ಐದು ವರ್ಷದ ಅಳತೆಗಳಿದ್ದವು. ಅವುಗಳನ್ನೆಲ್ಲ ಕೂಡಿಸಿದರೆ ಉತ್ತರ ಏನು ಬರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ.

“ಹೇಳಲ್ಲ ಅತ್ತೆ” ಎಂದಳು.

“ಹಾಗಾದ್ರೆ ಬಿಡು. ಕೈ ತೊಳ್ಕೊ, ಹಸಿದಿದ್ದೀಯ.”

ಅತ್ತೆ ಒಲೆ ಹೊತ್ತಿಸಿ ರೊಟ್ಟಿ ತಟ್ಟಿದಳು. ಹಾಲಿನ ಕೆನೆ ಮೊದಲಿನಷ್ಟು ದಪ್ಪವಿರಲಿಲ್ಲ, ತುಸು ವಾಸನೆಯಿತ್ತು. ದುಹಾ ಎರಡು ರೊಟ್ಟಿ ತಿಂದಳು, ಅತ್ತೆ ಮೂರನೆಯದನ್ನೂ ಹಾಕಿದಳು. ತಿನ್ನುತ್ತ ಅತ್ತೆ ಮಂಡಿಯ ಜನರ ವಿಷಯ, ಹಾಲು ಕೊಳ್ಳುವವರ ಚೌಕಾಸಿಯ ವಿಷಯ ಹೇಳಿದಳು. ಮುತಶ್ಶರ್ ಅದೇ ಮಂಡಿಯಲ್ಲಿ ಮೂಟೆ ಹೊರುತ್ತಾನೆ, ಶುಕ್ರವಾರ ಚಹಾಕ್ಕೆ ಬರುತ್ತಾನೆ, ನಿನ್ನನ್ನು ಕೇಳುತ್ತಿರುತ್ತಾನೆ ಎಂದಳು. ಎರಡು ದಿನ ದುಹಾ ಅಲ್ಲೇ ಇದ್ದು ಗುಡಿಸಲಿನ ಸೋರುವ ತಗಡು ಬದಲಿಸಿಕೊಟ್ಟಳು. ಮೂರನೆಯ ದಿನ ಬೆಳಿಗ್ಗೆ ಅತ್ತೆ ಅವಳನ್ನು ಬಸ್ಸಿನವರೆಗೆ ಬಿಡಲು ಬಂದಳು. ಬಸ್ಸು ತಡವಾಗಿತ್ತು. ಇಬ್ಬರೂ ಬಿಸಿಲು ಬಿದ್ದ ಗೋಡೆಗೆ ಬೆನ್ನು ಕೊಟ್ಟು ಅದು ಬರುವ ತನಕ ಕೂತಿದ್ದರು.